ಸ್ಟೆಂಟೋ, ಬೈಪಾಸೋ, ಬರೀ ಮಾತ್ರೆಯೋ: ಹೃದಯದ ಕ್ಯಾಥೆಟರ್ ಚಿಕಿತ್ಸೆಯನ್ನು ತೂಗಿ ನೋಡುವುದು ಹೇಗೆ

"ಇದರಲ್ಲಿ ಅಪಾಯ ಎಷ್ಟು ಡಾಕ್ಟ್ರೇ?"

ಹೃದಯಕ್ಕೆ ಕ್ಯಾಥೆಟರ್ (ಕೈಯ ಅಥವಾ ತೊಡೆಯ ರಕ್ತನಾಳದಿಂದ ತೂರಿಸುವ ಸಣ್ಣ ಕೊಳವೆ) ಹಾಕಬೇಕು ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರವೂ ಸಿಗುತ್ತದೆ: "ನೂರಕ್ಕೆ ಒಂದೋ ಎರಡೋ." ಕೇಳಿದವರಿಗೂ ಸಮಾಧಾನ, ಹೇಳಿದವರಿಗೂ ಸಮಾಧಾನ. ಆದರೆ ಇದನ್ನು ಹಿಡಿದುಕೊಂಡು ಯಾವ ತೀರ್ಮಾನಕ್ಕೂ ಬರಲಾಗದು. ನೂರಕ್ಕೆ ಒಂದು ಏನು? ಸಾವೋ, ಸ್ಟ್ರೋಕೋ, ಕೈ ಮೇಲೆ ಬರುವ ನೀಲಿ ಕಲೆಯೋ? ಇವತ್ತಿನ ಅಪಾಯವೋ, ಐದು ವರ್ಷದ್ದೋ? ಬೇರೆ ದಾರಿ ಹಿಡಿದರೆ ಅಲ್ಲಿ ಎಷ್ಟು?

ಈ ವಿಷಯ ಓದುತ್ತಾ ಓದುತ್ತಾ ನನಗೆ ಒಂದು ಅಳತೆ ಸಿಕ್ಕಿದೆ. ಎದೆ ತೆರೆದು ಮಾಡುವ ಬೈಪಾಸಿನಂಥ ಆಪರೇಷನ್ ಕಷ್ಟವನ್ನೆಲ್ಲ ಮುಂಗಡವಾಗಿ ವಸೂಲಿ ಮಾಡುತ್ತದೆ. ಕ್ಯಾಥೆಟರ್ ಚಿಕಿತ್ಸೆ ಕಂತಿನಲ್ಲಿ ವಸೂಲಿ ಮಾಡುತ್ತದೆ. ಬರೀ ಮಾತ್ರೆ ಅಂದರೆ ಅಸಲು ಹಾಗೇ ಇಟ್ಟು ದಿನಾ ಬಡ್ಡಿ ಕಟ್ಟಿದ ಹಾಗೆ. ಮೂರರಲ್ಲಿ ಯಾವುದೂ ಪುಕ್ಕಟೆ ಅಲ್ಲ. ಯಾರಿಗೆ ಯಾವ ಲೆಕ್ಕ ಒಗ್ಗುತ್ತದೆ ಎನ್ನುವುದು ಕಾಯಿಲೆ ಎಲ್ಲಿದೆ, ವಯಸ್ಸೆಷ್ಟು, ಸಕ್ಕರೆ ಕಾಯಿಲೆ ಇದೆಯೇ ಎನ್ನುವುದರ ಮೇಲೆ ನಿಂತಿದೆ.

ಹಾರ್ಟ್ ಅಟ್ಯಾಕ್ ನಡೆಯುತ್ತಿದ್ದರೆ

ಇಲ್ಲಿ ಹೋಲಿಕೆ ಮಾಡುತ್ತಾ ಕೂರಬೇಡಿ. ರಕ್ತನಾಳ ಪೂರ್ತಿ ಮುಚ್ಚಿಕೊಂಡು ಹೃದಯದ ಸ್ನಾಯು ಸಾಯುತ್ತಿರುವಾಗ ಇರುವುದು ಎರಡೇ ದಾರಿ. ಒಂದು, ಕೂಡಲೇ ಆಂಜಿಯೋಪ್ಲಾಸ್ಟಿ, ಅಂದರೆ ಕ್ಯಾಥೆಟರಿನ ಬಲೂನಿನಿಂದ ನಾಳ ಹಿಗ್ಗಿಸಿ, ಸಾಮಾನ್ಯವಾಗಿ ಸ್ಟೆಂಟ್ ಎಂಬ ಸಣ್ಣ ಬಲೆಯ ಕೊಳವೆ ಕೂರಿಸುವುದು. ಇನ್ನೊಂದು, ಹೆಪ್ಪು ಕರಗಿಸುವ ಇಂಜೆಕ್ಷನ್. 2003ರಲ್ಲಿ 23 ಅಧ್ಯಯನಗಳ 7,739 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಹಾಕಿ ನೋಡಿದ್ದರು. ಇಂಜೆಕ್ಷನ್ ಪಡೆದವರಲ್ಲಿ ನೂರಕ್ಕೆ 9 ಜನ ತೀರಿಕೊಂಡಿದ್ದರು, ಆಂಜಿಯೋಪ್ಲಾಸ್ಟಿಯಲ್ಲಿ 7 ಜನ. ಸ್ಟ್ರೋಕ್ ಕೂಡ ನೂರಕ್ಕೆ 2ರಿಂದ 1ಕ್ಕೆ ಇಳಿದಿತ್ತು. ಕಾರಣ ಸುಲಭ. ಇಂಜೆಕ್ಷನ್ ಮೈಯೆಲ್ಲ ಹರಿದು ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ, ಹಾಗಾಗಿ ನೂರರಲ್ಲಿ ಸುಮಾರು ಒಬ್ಬರಿಗೆ ಮಿದುಳಿನಲ್ಲಿ ರಕ್ತ ಸೋರುತ್ತದೆ.

ಆದರೆ ಈ ಮೇಲುಗೈ ಬೇಗ ಆದರೆ ಮಾತ್ರ. 120 ನಿಮಿಷದೊಳಗೆ ನಾಳ ತೆರೆಯಲು ಆಗದ ಜಾಗದಲ್ಲಿದ್ದರೆ, ಮೊದಲು ಇಂಜೆಕ್ಷನ್ ಕೊಟ್ಟು ಆಮೇಲೆ ಕ್ಯಾಥ್ ಲ್ಯಾಬ್ (ಕ್ಯಾಥೆಟರ್ ಚಿಕಿತ್ಸೆ ಮಾಡುವ ಕೋಣೆ) ಇರುವ ಕಡೆಗೆ ಸಾಗಿಸುವುದೇ ಸರಿ. ಇಂಜೆಕ್ಷನ್ ಕೆಲಸ ಮಾಡಿದ್ದರೂ 2ರಿಂದ 24 ಗಂಟೆಯೊಳಗೆ ಆಂಜಿಯೋಗ್ರಾಂ (ನಾಳಕ್ಕೆ ಡೈ ಬಿಟ್ಟು ತೆಗೆಯುವ ಎಕ್ಸ್‌ರೇ ಚಿತ್ರ) ಮಾಡುತ್ತಾರೆ. ಈ ಪರಿಸ್ಥಿತಿಯಲ್ಲಿ "ಎರಡನೇ ಅಭಿಪ್ರಾಯ ಕೇಳೋಣ" ಎಂದು ಫೋನು ಹಿಡಿದು ಓಡಾಡುವುದೇ ದೊಡ್ಡ ತೊಡಕು.

ಎದೆನೋವಿದೆ, ತುರ್ತಿಲ್ಲ: ಸ್ಟೆಂಟೋ ಮಾತ್ರೆಯೋ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ತಿಂಗಳುಗಳಿಂದ ಹೀಗೇ ಇದೆ. ಆಂಜಿಯೋಗ್ರಾಂನಲ್ಲಿ 80 ಪರ್ಸೆಂಟ್ ಬ್ಲಾಕ್ ಕಾಣುತ್ತದೆ. ಪರದೆಯ ಮೇಲೆ ದಾರದಷ್ಟು ಸಣ್ಣಗಾದ ನಾಳವನ್ನು ನೋಡಿದ ಮೇಲೆ ಯಾರಿಗೆ ತಾನೇ ಸುಮ್ನೆ ಇರಲು ಮನಸ್ಸಾಗುತ್ತದೆ? ಪೈಪು ಕಟ್ಟಿಕೊಂಡರೆ ಬಿಡಿಸಬೇಕು, ಇದೂ ಹಾಗೇ ಅಲ್ವಾ?

ಹಾಗಲ್ಲ. ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಆ 80 ಪರ್ಸೆಂಟ್ ಜಾಗದಲ್ಲಿ ಆಗುವುದಿಲ್ಲ. ನಾಳದ ಗೋಡೆಯೊಳಗೆ ಮೆತ್ತಗೆ ಕೂತ, ಆಂಜಿಯೋಗ್ರಾಂನಲ್ಲಿ ಅಷ್ಟೇನೂ ಎದ್ದು ಕಾಣದ ಕೊಬ್ಬಿನ ಗಡ್ಡೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ ಆಗುತ್ತದೆ. ಸ್ಟೆಂಟ್ ಕೆಲವೇ ಸೆಂಟಿಮೀಟರ್ ಜಾಗವನ್ನು ರಿಪೇರಿ ಮಾಡುತ್ತದೆ. ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಮಾತ್ರೆ, ಸಿಗರೇಟ್ ಬಿಡುವುದು ಇವೆಲ್ಲ ಉದ್ದಕ್ಕೂ ಇರುವ ನಾಳಗಳನ್ನು ಕಾಯುತ್ತವೆ.

2007ರಲ್ಲಿ ಬಂದ ಕರೇಜ್ ಅಧ್ಯಯನ ಇದನ್ನು ಮೊದಲು ಗಟ್ಟಿಯಾಗಿ ಹೇಳಿತು. 2,287 ಜನರಲ್ಲಿ ಅರ್ಧದಷ್ಟು ಮಂದಿಗೆ ಒಳ್ಳೆಯ ಮಾತ್ರೆ, ಇನ್ನರ್ಧಕ್ಕೆ ಅದೇ ಮಾತ್ರೆಯ ಜೊತೆಗೆ ಸ್ಟೆಂಟ್. ಸಾವಿನಲ್ಲಾಗಲಿ ಹಾರ್ಟ್ ಅಟ್ಯಾಕಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಅನೇಕರು ನಂಬಲಿಲ್ಲ. ಕಾಯಿಲೆ ಜೋರಿರುವವರನ್ನು ಸರಿಯಾಗಿ ಸೇರಿಸಿಲ್ಲ ಅಂದರು. ಆಮೇಲೆ 2020ರಲ್ಲಿ ಇಸ್ಕೀಮಿಯಾ ಅಧ್ಯಯನ ಬಂತು. 5,179 ಜನ, 37 ದೇಶ, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದು ಪರೀಕ್ಷೆಯಲ್ಲಿ ಚೆನ್ನಾಗಿಯೇ ಕಂಡವರು. ಒಟ್ಟು ಫಲಿತಾಂಶ ಮತ್ತೆ ಸಮ.

ನನಗೆ ಅದರೊಳಗಿನ ಒಂದು ಅಂಕಿ ಬಹಳ ಮುಖ್ಯ ಅನಿಸುತ್ತದೆ. ಮೊದಲ ಆರು ತಿಂಗಳಲ್ಲಿ ಸಾವು, ಹಾರ್ಟ್ ಅಟ್ಯಾಕ್ ಮುಂತಾದ ದೊಡ್ಡ ಘಟನೆಗಳು ಸ್ಟೆಂಟ್ ಅಥವಾ ಬೈಪಾಸ್ ಕಡೆಗೆ ಹೋದವರಲ್ಲಿ ನೂರಕ್ಕೆ 5.3, ಮಾತ್ರೆಯವರಲ್ಲಿ 3.4. ಐದು ವರ್ಷದ ಹೊತ್ತಿಗೆ ಅದು ತಿರುಗಿತು: 16.4 ಮತ್ತು 18.2. ಚಿಕಿತ್ಸೆಯ ದಿನವೇ ಆಗುವ ಸಣ್ಣ ಹಾರ್ಟ್ ಅಟ್ಯಾಕುಗಳು ಆರಂಭದಲ್ಲಿ ಲೆಕ್ಕ ಏರಿಸಿದವು. ಮುಂದೆ ತಾವಾಗಿಯೇ ಬರುವ ಅಟ್ಯಾಕುಗಳು ಸ್ವಲ್ಪ ಕಡಿಮೆಯಾದವು. ಸ್ಟೆಂಟ್ ಕೂಡ ಸ್ವಲ್ಪ ಮುಂಗಡ ಕೇಳುತ್ತದೆ ಎಂದಾಯಿತು.

ಹಾಗಾದರೆ ಸ್ಟೆಂಟ್ ದಂಡವೇ? ಅದೂ ಅಲ್ಲ. ಎದೆನೋವು ಜಾಸ್ತಿ ಇದ್ದವರಿಗೆ ಅದು ನೆಮ್ಮದಿ ಕೊಡುತ್ತದೆ. ಇದರಲ್ಲೂ ಎಷ್ಟು ನಿಜವಾದ ಲಾಭ, ಎಷ್ಟು ಮನಸ್ಸಿನ ಸಮಾಧಾನ ಎಂದು ನೋಡಲು ಬ್ರಿಟನ್ನಿನವರು 2017ರಲ್ಲಿ ಆರ್ಬಿಟಾ ಎಂಬ ವಿಚಿತ್ರ ಅಧ್ಯಯನ ಮಾಡಿದರು. 200 ಜನರಿಗೂ ಕ್ಯಾಥೆಟರ್ ಹಾಕಿದರು, ಕಿವಿಗೆ ಹೆಡ್‌ಫೋನ್ ಕೊಟ್ಟರು, ಮಂಪರು ಬರಿಸಿದರು. ಅರ್ಧದಷ್ಟು ಜನಕ್ಕೆ ಸ್ಟೆಂಟ್ ಹಾಕಲೇ ಇಲ್ಲ. ಯಾರಿಗೆ ಹಾಕಿದ್ದಾರೆಂದು ರೋಗಿಗೂ ಗೊತ್ತಿಲ್ಲ, ಆಮೇಲೆ ಪರೀಕ್ಷಿಸಿದವರಿಗೂ ಗೊತ್ತಿಲ್ಲ. ಆರು ವಾರದ ಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿದಾಗ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ಅಂತರ ಇರಲಿಲ್ಲ. ಅವರೆಲ್ಲ ಎದೆನೋವಿನ ಮಾತ್ರೆಗಳನ್ನು ಚೆನ್ನಾಗಿ ತೆಗೆದುಕೊಳ್ಳುತ್ತಿದ್ದವರು ಎನ್ನುವುದನ್ನು ಮರೆಯಬಾರದು. 2023ರ ಎರಡನೇ ಆರ್ಬಿಟಾದಲ್ಲಿ 301 ಜನರ ಎದೆನೋವಿನ ಮಾತ್ರೆ ನಿಲ್ಲಿಸಿ ನೋಡಿದರು. ಆಗ ಸ್ಟೆಂಟ್ ನಿಜಕ್ಕೂ ನೋವು ಕಡಿಮೆ ಮಾಡಿತ್ತು. ಆದರೂ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅಷ್ಟಿಷ್ಟು ನೋವು ಉಳಿದೇ ಇತ್ತು.

ಇದರಿಂದ ನಾನು ತೆಗೆಯುವ ಅರ್ಥ ಇಷ್ಟು: ಮಾತ್ರೆಯಲ್ಲೇ ನೋವು ಹತೋಟಿಗೆ ಬಂದು, ಮಾತ್ರೆ ಮೈಗೆ ಒಗ್ಗುತ್ತಿದ್ದರೆ ಅವಸರ ಬೇಡ. ಮಾತ್ರೆ ನುಂಗಿಯೂ ಮೆಟ್ಟಿಲು ಹತ್ತಲಾಗದಿದ್ದರೆ, ಅಥವಾ ಅಷ್ಟೊಂದು ಮಾತ್ರೆ ಬೇಡವೆನಿಸಿದರೆ, ಸ್ಟೆಂಟ್ ಸರಿಯಾದ ಆಯ್ಕೆಯೇ. ಕರೇಜ್‌ನಲ್ಲಿ ಮಾತ್ರೆಯಿಂದ ಶುರು ಮಾಡಿದವರಲ್ಲಿ ಸುಮಾರು ಮೂರನೇ ಒಂದು ಭಾಗ ಮುಂದಿನ ವರ್ಷಗಳಲ್ಲಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡರು. ಮೊದಲು ಮಾತ್ರೆ ಅಂದರೆ ಬಾಗಿಲು ಹಾಕಿದ ಹಾಗಲ್ಲ.

ಒಂದು ಎಚ್ಚರಿಕೆ. ಈ ಅಧ್ಯಯನಗಳ ಮಾತು ಎಲ್ಲರಿಗೂ ಅನ್ವಯಿಸದು. ಎಡಭಾಗದ ಮುಖ್ಯ ನಾಳದಲ್ಲಿ ದೊಡ್ಡ ಬ್ಲಾಕ್ ಇದ್ದವರು, ಹೃದಯದ ಪಂಪಿಂಗ್ 35 ಪರ್ಸೆಂಟಿಗಿಂತ ಕಡಿಮೆ ಇದ್ದವರು, ಇತ್ತೀಚೆಗಷ್ಟೇ ಅಟ್ಯಾಕ್ ಆದವರು ಇಸ್ಕೀಮಿಯಾದಲ್ಲಿ ಇರಲೇ ಇಲ್ಲ. ಅವರ ಲೆಕ್ಕವೇ ಬೇರೆ.

ಸ್ಟೆಂಟೋ ಬೈಪಾಸೋ

ಮೂರೂ ನಾಳದಲ್ಲಿ ಬ್ಲಾಕ್, ಅಥವಾ ಎಡ ಮುಖ್ಯ ನಾಳದಲ್ಲಿ ಬ್ಲಾಕ್ ಎಂದಾಗ ಏಳುವ ಪ್ರಶ್ನೆ ಇದು. ಎದೆ ಕೊಯ್ಯದೆ ಎರಡೇ ದಿನದಲ್ಲಿ ಮನೆಗೆ ಹೋಗಬಹುದು ಎಂದ ಮೇಲೆ ಬೈಪಾಸ್ ಯಾರಿಗೆ ಬೇಕು ಹೇಳಿ? ಆದರೆ ಮುಂಗಡ ಮತ್ತು ಕಂತಿನ ಲೆಕ್ಕ ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

2009ರ ಸಿಂಟ್ಯಾಕ್ಸ್ ಅಧ್ಯಯನದಲ್ಲಿ ಇಂಥ 1,800 ಜನರಿದ್ದರು. ಒಂದು ವರ್ಷದಲ್ಲಿ ಸ್ಟ್ರೋಕ್ ಆದದ್ದು ಬೈಪಾಸಿನವರಲ್ಲಿ ನೂರಕ್ಕೆ 2.2, ಸ್ಟೆಂಟಿನವರಲ್ಲಿ 0.6. ಮತ್ತೊಮ್ಮೆ ನಾಳ ಬಿಡಿಸುವ ಚಿಕಿತ್ಸೆ ಬೇಕಾದದ್ದು ಬೈಪಾಸಿನವರಿಗೆ 5.9, ಸ್ಟೆಂಟಿನವರಿಗೆ 13.5. ಅಂದರೆ ಒಂದು ಕಡೆ ಮೊದಲೇ ಬರುವ, ವಾಪಸು ಹೋಗದಿರಬಹುದಾದ ನಷ್ಟ. ಇನ್ನೊಂದು ಕಡೆ ಮತ್ತೆ ಮತ್ತೆ ಕ್ಯಾಥ್ ಲ್ಯಾಬಿಗೆ ಹೋಗುವ ಕಾಟ. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು "ಒಟ್ಟು ತೊಡಕು ಇಷ್ಟು" ಎಂದು ಕೂಡಿಸಿದ ಅಂಕಿ ಕೊಟ್ಟರೆ ಎಚ್ಚರವಾಗಿರಿ. ಸ್ಟ್ರೋಕಿಗೂ ಇನ್ನೊಂದು ಸ್ಟೆಂಟಿಗೂ ಒಂದೇ ತೂಕ ಹೇಗಾಗುತ್ತದೆ?

ಆ ಅಧ್ಯಯನದಿಂದ ಬಂದ ಸಿಂಟ್ಯಾಕ್ಸ್ ಸ್ಕೋರ್ ಇವತ್ತಿಗೂ ಬಳಕೆಯಲ್ಲಿದೆ. ಬ್ಲಾಕುಗಳು ಎಷ್ಟು, ಎಲ್ಲಿವೆ, ಎಷ್ಟು ಸಿಕ್ಕು ಎಂದು ನೋಡಿ ಅಂಕ ಹಾಕುತ್ತಾರೆ. 22ರವರೆಗೆ ಸರಳ, 33 ಮುಟ್ಟಿದರೆ ಕಠಿಣ. ಅಂಕ ಏರಿದಷ್ಟೂ ಬೈಪಾಸಿನ ಕಡೆಗೆ ವಾಲುತ್ತದೆ. ನಿಮ್ಮ ಆಂಜಿಯೋಗ್ರಾಂ ಆದ ಮೇಲೆ "ನನ್ನ ಸಿಂಟ್ಯಾಕ್ಸ್ ಸ್ಕೋರ್ ಎಷ್ಟು?" ಎಂದು ಕೇಳಿ. ಕೇಳಿದ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದು, ಒಂದಕ್ಕಿಂತ ಹೆಚ್ಚು ನಾಳ ಕೆಟ್ಟಿದ್ದರೆ ನನ್ನ ಒಲವು ಬೈಪಾಸಿಗೇ. 2012ರ ಫ್ರೀಡಂ ಅಧ್ಯಯನದಲ್ಲಿ ಇಂಥ 1,900 ಜನ. ಐದು ವರ್ಷದಲ್ಲಿ ತೀರಿಕೊಂಡವರು ಸ್ಟೆಂಟ್ ಗುಂಪಿನಲ್ಲಿ ನೂರಕ್ಕೆ 16.3, ಬೈಪಾಸ್ ಗುಂಪಿನಲ್ಲಿ 10.9. ಸ್ಟ್ರೋಕ್ ಮಾತ್ರ ಬೈಪಾಸಿನಲ್ಲಿ 5.2, ಸ್ಟೆಂಟಿನಲ್ಲಿ 2.4. ಇದಕ್ಕೆ ಕಾರಣವೂ ಇದೆ. ಸಕ್ಕರೆ ಕಾಯಿಲೆಯಲ್ಲಿ ನಾಳ ಉದ್ದಕ್ಕೂ ಕೆಡುತ್ತಾ ಹೋಗುತ್ತದೆ. ಸ್ಟೆಂಟ್ ಇವತ್ತಿನ ಬ್ಲಾಕನ್ನು ಸರಿಮಾಡುತ್ತದೆ. ಬೈಪಾಸ್ ಆ ಇಡೀ ಹಾಳು ದಾರಿಯನ್ನೇ ಬಿಟ್ಟು ಸುತ್ತಿಕೊಂಡು ಮುಂದೆ ಹೋಗುತ್ತದೆ, ನಾಳೆ ಅದೇ ದಾರಿಯಲ್ಲಿ ಹುಟ್ಟುವ ಬ್ಲಾಕಿಗೂ ಅದು ಪರಿಹಾರ.

ಬೈಪಾಸಿನಲ್ಲಿ ಯಾವ ನಾಳ ಬಳಸುತ್ತಾರೆ ಎನ್ನುವುದೂ ಮುಖ್ಯ. ಎದೆಯೊಳಗಿನ ಎಡ ಅಪಧಮನಿಯನ್ನು ಜೋಡಿಸಿದರೆ ಹತ್ತು ವರ್ಷದ ಮೇಲೂ ಹತ್ತರಲ್ಲಿ ಒಂಬತ್ತು ಚೆನ್ನಾಗಿರುತ್ತವೆ. ಕಾಲಿನಿಂದ ತೆಗೆದ ಅಭಿಧಮನಿಗಳಲ್ಲಿ ಅಷ್ಟು ಹೊತ್ತಿಗೆ ಅರ್ಧದಷ್ಟು ಮುಚ್ಚಿರಬಹುದು. ಮುಂಗಡವೂ ಸಣ್ಣದಲ್ಲ: ಎದೆಮೂಳೆ ಕೂಡಲು ಎರಡು ಮೂರು ತಿಂಗಳು, ಮೊದಲ ವಾರದಲ್ಲಿ ಮೂವರಲ್ಲಿ ಒಬ್ಬರಿಗೆ ಎದೆಬಡಿತ ತಾಳ ತಪ್ಪುವುದು, ಕೆಲವರಿಗೆ ಗಾಯದ ಸೋಂಕು. ತೀರಾ ವಯಸ್ಸಾದವರಿಗೆ, ಶ್ವಾಸಕೋಶ ಕೆಟ್ಟವರಿಗೆ, ಮೊದಲೇ ಸ್ಟ್ರೋಕ್ ಆದವರಿಗೆ ಇಷ್ಟು ಮುಂಗಡ ಕಟ್ಟುವ ಶಕ್ತಿ ಇರದು. ಅವರಿಗೆ ಕಂತೇ ವಾಸಿ.

ಸ್ಟೆಂಟಿನ ಕಂತು ಅಂದೆನಲ್ಲ, ಅದೇನು? ಮೊದಲನೆಯದು ನಾಳ ಮತ್ತೆ ಕಿರಿದಾಗುವುದು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಮೊದಲ ಸಲ ಬಲೂನಿನಿಂದ ಹೃದಯದ ನಾಳ ಹಿಗ್ಗಿಸಿದರು. ಅವರ ಮೊದಲ 50 ರೋಗಿಗಳಲ್ಲಿ ಯಶಸ್ಸು ಸಿಕ್ಕಿದ್ದು 32 ಜನಕ್ಕೆ, ಐವರನ್ನು ತುರ್ತು ಬೈಪಾಸಿಗೆ ಒಯ್ಯಬೇಕಾಯಿತು. ಇವತ್ತು ಹಾಗೆ ಒಯ್ಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಬರೀ ಬಲೂನಿನ ಕಾಲದಲ್ಲಿ ಮೂವರಲ್ಲಿ ಒಬ್ಬರಿಗಾದರೂ ನಾಳ ಮತ್ತೆ ಸಣ್ಣಗಾಗುತ್ತಿತ್ತು. 1986ರಲ್ಲಿ ಬಂದ ಲೋಹದ ಸ್ಟೆಂಟ್ ಅದನ್ನು ನಾಲ್ವರಲ್ಲಿ ಒಬ್ಬರ ಆಸುಪಾಸಿಗೆ ತಂದಿತು. ಈಗಿನ ಔಷಧಿ ಲೇಪಿಸಿದ ಸ್ಟೆಂಟುಗಳಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ.

ಎರಡನೆಯ ಕಂತು ಅಪರೂಪ, ಆದರೆ ಭಯಂಕರ. ಸ್ಟೆಂಟಿನೊಳಗೆ ದಿಢೀರನೆ ರಕ್ತ ಹೆಪ್ಪುಗಟ್ಟುವುದು. ಮೊದಲ ವರ್ಷದಲ್ಲಿ ನೂರರಲ್ಲಿ ಒಬ್ಬರ ಆಸುಪಾಸು. ಆದರೆ ಆದವರಿಗೆ ಅದು ದೊಡ್ಡ ಹಾರ್ಟ್ ಅಟ್ಯಾಕೇ, ಹಲವರು ಉಳಿಯುವುದಿಲ್ಲ. ಇದಕ್ಕೆ ದೊಡ್ಡ ಕಾರಣಗಳಲ್ಲೊಂದು ಆಸ್ಪಿರಿನ್ ಜೊತೆಗೆ ಹೆಪ್ಪು ತಡೆಯಲು ಕೊಡುವ ಎರಡನೇ ಮಾತ್ರೆಯನ್ನು ಮಧ್ಯದಲ್ಲೇ ಬಿಟ್ಟುಬಿಡುವುದು. ತುರ್ತಿಲ್ಲದೆ ಹಾಕಿಸಿಕೊಂಡವರಿಗೆ ಸಾಮಾನ್ಯವಾಗಿ 6 ತಿಂಗಳು, ಅಟ್ಯಾಕ್ ಆದವರಿಗೆ 12 ತಿಂಗಳು ಎರಡೂ ಮಾತ್ರೆ. ರಕ್ತ ಸೋರುವ ಭಯ ಇರುವವರಿಗೆ ಅವಧಿ ಇಳಿಸುತ್ತಾರೆ, ಅದು ಡಾಕ್ಟರ ತೀರ್ಮಾನ. ಹಲ್ಲು ಕೀಳಿಸಲು ಹೋದಾಗ "ನಾಲ್ಕು ದಿನ ನಿಲ್ಲಿಸಿ" ಎಂದು ಯಾರಾದರೂ ಹೇಳಿದರೆ, ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಹಾಗಾಗಿ ಸ್ಟೆಂಟಿಗೆ ಒಪ್ಪುವ ಮೊದಲೇ ಹೇಳಬೇಕಾದ ಸಂಗತಿಗಳಿವೆ. ಮುಂದಿನ ತಿಂಗಳು ಮಂಡಿ ಆಪರೇಷನ್ ಇದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿತ್ತು, ಮಾತ್ರೆ ನೆನಪಿಟ್ಟು ನುಂಗುವುದು ಕಷ್ಟ. ಈ ಕೊನೆಯದನ್ನು ನಾಚಿಕೆ ಬಿಟ್ಟು ಹೇಳಿ.

ಟೇಬಲ್ ಮೇಲಿನ ತೀರ್ಮಾನದ ಬಗ್ಗೆ ಒಂದು ಮಾತು. ಆಂಜಿಯೋಗ್ರಾಂ ನಡೆಯುತ್ತಿರುವಾಗಲೇ ಹೊರಗೆ ಬಂದು "ಬ್ಲಾಕ್ ಇದೆ, ಈಗಲೇ ಸ್ಟೆಂಟ್ ಹಾಕಿಬಿಡೋಣವೇ?" ಎಂದು ಕೇಳುವುದುಂಟು. ಅಟ್ಯಾಕ್ ಆಗಿದ್ದರೆ ಹೂಂ ಅನ್ನಿ. ಒಂದೇ ಸರಳ ಬ್ಲಾಕ್, ಮಾತ್ರೆಗೆ ಬಗ್ಗದ ನೋವು ಎಂದು ಮೊದಲೇ ಮಾತಾಗಿದ್ದರೂ ಸರಿ, ಎರಡನೇ ಸಲ ಚುಚ್ಚುವುದು ತಪ್ಪುತ್ತದೆ. ಆದರೆ ರೋಗಿ ಸ್ಥಿರವಾಗಿದ್ದು ಮೂರು ನಾಳ ಅಥವಾ ಎಡ ಮುಖ್ಯ ನಾಳದ ಮಾತು ಬಂದರೆ, "ಇವತ್ತು ಬೇಡ, ಸರ್ಜನ್ ಜೊತೆಗೂ ಕೂತು ಮಾತಾಡೋಣ" ಅನ್ನುವುದು ಉದ್ಧಟತನವಲ್ಲ. ಇಂಥ ಕೇಸಿನಲ್ಲಿ ಹೃದ್ರೋಗ ತಜ್ಞರು, ಸರ್ಜನ್ ಇಬ್ಬರೂ ಕೂಡಿ ತೀರ್ಮಾನಿಸಬೇಕೆಂದು ಅವರ ಮಾರ್ಗಸೂಚಿಗಳೇ ಹೇಳುತ್ತವೆ.

ಕೈಯಿಂದಲೋ ತೊಡೆಯಿಂದಲೋ

ಇದರಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ. ಸಾಧ್ಯವಾದರೆ ಕೈಯೇ. ಮಣಿಕಟ್ಟಿನ ನಾಳ ಚರ್ಮದ ಕೆಳಗೇ ಮೂಳೆಯ ಮೇಲೆ ಇದೆ. ರಕ್ತ ಬಂದರೆ ಒಂದು ಬೆರಳಿನಿಂದ ಒತ್ತಿ ಹಿಡಿಯಬಹುದು. ತೊಡೆಸಂದಿನ ನಾಳ ಆಳದಲ್ಲಿದೆ. ಅಲ್ಲಿಂದ ಸೋರಿದ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಇಳಿದು ಕಾಣದೆಯೇ ಬಿಪಿ ಬೀಳಿಸಬಹುದು. 2011ರ ರೈವಲ್ ಅಧ್ಯಯನದಲ್ಲಿ 7,021 ಜನರಲ್ಲಿ ನೋಡಿದಾಗ ಚುಚ್ಚಿದ ಜಾಗದ ದೊಡ್ಡ ತೊಡಕುಗಳು ಕೈ ದಾರಿಯಲ್ಲಿ ಬಹಳ ಕಡಿಮೆ ಇದ್ದವು. ಕೈಗೂ ತನ್ನದೇ ತೊಂದರೆ ಇದೆ: ನಾಳ ಬಿಗಿದುಕೊಳ್ಳುವುದು, ಆಮೇಲೆ ಕೆಲವರಲ್ಲಿ ಮುಚ್ಚಿಹೋಗುವುದು. ಹಸ್ತಕ್ಕೆ ಇನ್ನೊಂದು ನಾಳ ಇರುವುದರಿಂದ ಮುಚ್ಚಿದ್ದು ಹಲವರಿಗೆ ಗೊತ್ತೂ ಆಗುವುದಿಲ್ಲ. ಡಯಾಲಿಸಿಸ್ ಬೇಕಾಗಬಹುದಾದವರು ಮಾತ್ರ ಮೊದಲೇ ಹೇಳಬೇಕು, ಅವರ ಕೈನಾಳ ಬೇರೆ ಕೆಲಸಕ್ಕೆ ಬೇಕು. ವಾಲ್ವ್ ಹಾಕುವಾಗ ದೊಡ್ಡ ಕೊಳವೆ ಬೇಕಾದ್ದರಿಂದ ಸಾಮಾನ್ಯವಾಗಿ ತೊಡೆಯೇ ದಾರಿ.

ಕೈಯಿಂದ ಹೃದಯಕ್ಕೆ ಹೋಗುವುದೇನೂ ಹೊಸ ಹುಚ್ಚಲ್ಲ, ಬಿಡಿ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ಎಳೆಯ ಡಾಕ್ಟರು ತನ್ನದೇ ತೋಳಿನ ನಾಳಕ್ಕೆ ಕೊಳವೆ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ, ಅದು ಹೃದಯ ಮುಟ್ಟಿದ್ದನ್ನು ಫೋಟೋ ತೆಗೆಸಿಕೊಂಡಿದ್ದರು. ಮೊದಲು ಬೈಗುಳ ತಿಂದರು, 1956ರಲ್ಲಿ ನೊಬೆಲ್ ಸಿಕ್ಕಿತು.

ಕೆಲವು ತೊಡಕುಗಳು ಯಾವ ದಾರಿಯಲ್ಲಾದರೂ ಬರಬಹುದು. ಬರೀ ಆಂಜಿಯೋಗ್ರಾಂನಲ್ಲಿ ಸಾವು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ, ಸ್ಟ್ರೋಕ್ ಸಾವಿರಕ್ಕೆ ಒಬ್ಬರ ಆಸುಪಾಸು. ನಾಳದಲ್ಲಿ ಬಿಡುವ ಡೈ ಕಿಡ್ನಿಗೆ ಭಾರ. ಮೊದಲೇ ಕಿಡ್ನಿ ದುರ್ಬಲ ಇರುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಜೊತೆಗಿದ್ದರೆ, ಎರಡು ಮೂರು ದಿನದಲ್ಲಿ ರಕ್ತದಲ್ಲಿನ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ತೋರಿಸುವ ಅಳತೆ) ಏರಬಹುದು. ಮುಂಚೆ ಒಂದು ಪರೀಕ್ಷೆ, ಆಮೇಲೊಂದು ಪರೀಕ್ಷೆ, ಸಾಕಷ್ಟು ನೀರಿನಂಶ, ಆದಷ್ಟು ಕಡಿಮೆ ಡೈ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದರೆ ತಿಳಿಸಿ.

ವಾಲ್ವ್: ತೊಡೆಯಿಂದಲೋ ಎದೆ ತೆರೆದೋ

ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ವಾಲ್ವ್ ಗಟ್ಟಿಯಾಗಿ ತೆರೆಯದಂತಾದರೆ ಮಾತ್ರೆಯಿಂದ ಏನೂ ಆಗದು. ಸುಸ್ತು, ಎದೆನೋವು, ತಲೆಸುತ್ತಿ ಬೀಳುವುದು ಶುರುವಾದ ಮೇಲೆ ಸುಮ್ನೆ ಕಾಯುವುದೇ ಎಲ್ಲಕ್ಕಿಂತ ಅಪಾಯದ ಆಯ್ಕೆ. 2002ರಲ್ಲಿ ಫ್ರಾನ್ಸಿನ ರೂವಾನ್‌ನಲ್ಲಿ ಅಲೆನ್ ಕ್ರಿಬಿಯೆ ಮೊದಲ ಬಾರಿ ಕ್ಯಾಥೆಟರ್ ಮೂಲಕ ಹೊಸ ವಾಲ್ವ್ ಕೂರಿಸಿದರು. ಇದನ್ನೇ ಟಾವಿ ಅನ್ನುತ್ತಾರೆ. 2010ರ ಪಾರ್ಟ್‌ನರ್ ಅಧ್ಯಯನದಲ್ಲಿದ್ದದ್ದು ಆಪರೇಷನ್ ತಡೆದುಕೊಳ್ಳಲಾರರೆಂದು ಕೈಬಿಟ್ಟವರು. ಟಾವಿ ಇಲ್ಲದೆ ಒಂದು ವರ್ಷದಲ್ಲಿ ನೂರಕ್ಕೆ 50.7 ಜನ ತೀರಿಕೊಂಡರು, ಟಾವಿ ಆದವರಲ್ಲಿ 30.7. ಅದೇ ಅಧ್ಯಯನದಲ್ಲಿ ಟಾವಿಯವರಿಗೆ ಸ್ಟ್ರೋಕ್, ತೊಡೆಯ ನಾಳದ ಗಾಯ ಜಾಸ್ತಿಯೂ ಆದವು. ಆದರೂ ಇಪ್ಪತ್ತು ಜೀವದ ಮುಂದೆ ಆ ಬೆಲೆ ಒಪ್ಪುವಂಥದ್ದೇ.

ಕೊಳವೆ ಸಣ್ಣದಾಯಿತು, ಕೈ ಪಳಗಿತು. 2019ರ ಪಾರ್ಟ್‌ನರ್ 3ರಲ್ಲಿ ಆಪರೇಷನ್ ಅಪಾಯ ಕಡಿಮೆ ಇರುವ ಗಟ್ಟಿಮುಟ್ಟಾದವರನ್ನೇ ಹೋಲಿಸಿದರು. ಒಂದು ವರ್ಷದಲ್ಲಿ ಸಾವು, ಸ್ಟ್ರೋಕ್, ಮತ್ತೆ ಆಸ್ಪತ್ರೆ ಸೇರುವುದು ಮೂರೂ ಸೇರಿ ಟಾವಿಯಲ್ಲಿ 8.5, ಆಪರೇಷನ್‌ನಲ್ಲಿ 15.1. ಆಸ್ಪತ್ರೆಯಲ್ಲಿ ಇದ್ದದ್ದು 3 ದಿನ ಮತ್ತು 7 ದಿನ. ಎದೆಬಡಿತ ಹೊಸದಾಗಿ ತಾಳ ತಪ್ಪಿದ್ದು 5 ಮತ್ತು 39.5. ಎಲ್ಲ ಟಾವಿಯ ಕಡೆಗೇ. ಆದರೆ ಐದು ವರ್ಷಕ್ಕೆ ಅಂಕಿ 22.8 ಮತ್ತು 27.2 ಆಯಿತು, ನಿಶ್ಚಯವಾಗಿ ಟಾವಿಯೇ ಮೇಲು ಅನ್ನುವಷ್ಟು ಅಂತರ ಉಳಿಯಲಿಲ್ಲ. ಮತ್ತದೇ ಕಥೆ: ಆಪರೇಷನ್ ತನ್ನದನ್ನು ಮೊದಲೇ ವಸೂಲಿ ಮಾಡಿಕೊಂಡಿತ್ತು.

ಟಾವಿಯ ಕಂತುಗಳಲ್ಲಿ ಮೊದಲನೆಯದು ಪೇಸ್‌ಮೇಕರ್. ಹಳೆಯ ವಾಲ್ವನ್ನು ತೆಗೆಯದೆ ಬದಿಗೊತ್ತಿ ಹೊಸದನ್ನು ಕೂರಿಸುತ್ತಾರೆ. ಪಕ್ಕದಲ್ಲೇ ಹೃದಯದ ವಿದ್ಯುತ್ ತಂತು ಹಾದುಹೋಗುತ್ತದೆ, ಒತ್ತಿದರೆ ಅದು ಕೆಟ್ಟು, ಬಡಿತ ನಡೆಸಲು ಪೇಸ್‌ಮೇಕರ್ ಯಂತ್ರ ಬೇಕಾಗಬಹುದು. ಎಷ್ಟು ಜನಕ್ಕೆ ಎನ್ನುವುದು ವಾಲ್ವಿನ ಬಗೆಯ ಮೇಲಿದೆ. ಬಲೂನಿನಿಂದ ಹಿಗ್ಗಿಸುವ ಬಗೆಯಲ್ಲಿ ಪಾರ್ಟ್‌ನರ್ 3ರಲ್ಲಿ ನೂರಕ್ಕೆ 6.5. ತಾನೇ ಅರಳುವ ಬಗೆಯಲ್ಲಿ ಅದೇ ವರ್ಷದ ಇನ್ನೊಂದು ಅಧ್ಯಯನದಲ್ಲಿ 17.4. ಯಾವ ಬಗೆ ಹಾಕುತ್ತೀರಿ, ಯಾಕೆ ಎಂದು ಕೇಳುವುದು ನಿಮ್ಮ ಹಕ್ಕು. ಕೆಲವರ ನಾಳದ ಆಕಾರಕ್ಕೆ ಎರಡನೆಯದೇ ಸರಿಹೊಂದಬಹುದು.

ಎರಡನೆಯದು ವಯಸ್ಸಿನ ಲೆಕ್ಕ. ಪ್ರಾಣಿಯ ಅಂಗಾಂಶದಿಂದ ಮಾಡಿದ ವಾಲ್ವು ಸುಮಾರು 10ರಿಂದ 15 ವರ್ಷ ಬಾಳುತ್ತದೆ. 82 ವರ್ಷದವರಿಗೆ ಅದು ಧಾರಾಳ. 60ರವರಿಗೆ? ಇನ್ನೊಂದು, ಬಹುಶಃ ಮತ್ತೊಂದು ವಾಲ್ವು ಬೇಕು. ಟಾವಿಯೊಳಗೆ ಟಾವಿ ಕೂರಿಸಬಹುದು, ಆದರೆ ಎಲ್ಲರಿಗೂ ಜಾಗ ಸಾಲದು, ಹೃದಯದ ನಾಳಗಳ ಬಾಯಿಯೇ ಮುಚ್ಚುವ ಭಯ ಇರುತ್ತದೆ. ಕೂರಿಸಿದ ಟಾವಿಯನ್ನು ಆಪರೇಷನ್ ಮಾಡಿ ತೆಗೆಯುವುದು ಮೊದಲ ಆಪರೇಷನ್‌ಗಿಂತ ಎಷ್ಟೋ ಕಷ್ಟ. ಹಾಗಾಗಿ ಅಮೆರಿಕದ 2020ರ ಮಾರ್ಗಸೂಚಿ 65ಕ್ಕಿಂತ ಕೆಳಗಿನವರಿಗೆ ಆಪರೇಷನ್, 80 ದಾಟಿದವರಿಗೆ ಟಾವಿ, ನಡುವಿನವರಿಗೆ ಮಾತುಕತೆ ಎಂದಿತು. ಯುರೋಪಿನವರು 2021ರಲ್ಲಿ 75ಕ್ಕೆ ಗೆರೆ ಎಳೆದಿದ್ದರು. ಗೆರೆ ಊರೂರಿಗೆ ಬೇರೆಯಾಗುವುದನ್ನು ನೋಡಿದರೆ ಅದು ಕಲ್ಲಿನ ಮೇಲೆ ಕೊರೆದದ್ದಲ್ಲ ಎಂದು ಗೊತ್ತಾಗುತ್ತದೆ. ಲೋಹದ ವಾಲ್ವು ಬಹಳ ಕಾಲ ಬಾಳುತ್ತದೆ, ಆದರೆ ಅದನ್ನು ಕ್ಯಾಥೆಟರಿನಲ್ಲಿ ಕೂರಿಸಲಾಗದು, ಜೀವನಪೂರ್ತಿ ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ಬೇಕು.

ತಾಳ ತಪ್ಪಿದ ಎದೆಬಡಿತ: ಅಬ್ಲೇಶನ್ನೋ ಮಾತ್ರೆಯೋ

ಇಲ್ಲಿ ಮೊದಲು ಕಾಯಿಲೆಯ ಹೆಸರು ಸರಿಯಾಗಿ ತಿಳಿದುಕೊಳ್ಳಿ. ಹುಟ್ಟಿನಿಂದ ಇರುವ ಹೆಚ್ಚುವರಿ ತಂತಿಯಿಂದ ದಿಢೀರನೆ ಶುರುವಾಗಿ ದಿಢೀರನೆ ನಿಲ್ಲುವ ವೇಗದ ಬಡಿತಕ್ಕೆ ಅಬ್ಲೇಶನ್ (ಆ ತಂತಿಯನ್ನು ಕ್ಯಾಥೆಟರಿನಿಂದ ಸುಟ್ಟು ಕಡಿಯುವುದು) ಹೆಚ್ಚುಕಡಿಮೆ ಪೂರ್ತಿ ಪರಿಹಾರ. ನೂರರಲ್ಲಿ 90ಕ್ಕೂ ಹೆಚ್ಚು ಜನಕ್ಕೆ ವಾಸಿಯಾಗುತ್ತದೆ. ಯುವಕರು ಜೀವಮಾನವಿಡೀ ಮಾತ್ರೆ ನುಂಗುವುದಕ್ಕಿಂತ ಇದು ಎಷ್ಟೋ ಮೇಲು.

ಹೃದಯದ ಮೇಲಿನ ಕೋಣೆಗಳು ತಾಳವಿಲ್ಲದೆ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ಬೇರೆ ಜಾತಿ. 1998ರಲ್ಲಿ ಬೋರ್ಡೋದ ಮಿಷೆಲ್ ಹೈಸಗೇರ್ ತಂಡ ಇದರ ಕಿಡಿ ಹೆಚ್ಚಾಗಿ ಶ್ವಾಸಕೋಶದಿಂದ ಬರುವ ಅಭಿಧಮನಿಗಳಲ್ಲಿ ಹುಟ್ಟುತ್ತದೆ ಎಂದು ತೋರಿಸಿತು. ಅವುಗಳ ಬಾಯಿಯ ಸುತ್ತ ಸುಟ್ಟು ಅಥವಾ ಅತಿ ತಂಪಿನಿಂದ ಮಂಜುಗಟ್ಟಿಸಿ ಬೇಲಿ ಹಾಕುವುದೇ ಚಿಕಿತ್ಸೆ. ಬಂದು ಹೋಗುವ ಬಗೆಯಲ್ಲಿ ಒಂದೇ ಸಲಕ್ಕೆ ನೂರಕ್ಕೆ ಸುಮಾರು 70 ಜನಕ್ಕೆ ಉಪಯೋಗ, ಕಾಯಂ ಕೂತುಬಿಟ್ಟ ಬಗೆಯಲ್ಲಿ ಕಡಿಮೆ, ಕೆಲವರಿಗೆ ಎರಡನೇ ಸಲ ಬೇಕು. 2019ರ ಕಬಾನಾ ಅಧ್ಯಯನದಲ್ಲಿ 2,204 ಜನರಲ್ಲಿ ಸಾವು, ಸ್ಟ್ರೋಕ್ ಮುಂತಾದವು ಮಾತ್ರೆಗಿಂತ ಖಚಿತವಾಗಿ ಕಡಿಮೆಯಾಗಲಿಲ್ಲ, ಆದರೆ ಬದುಕು ಹಗುರವಾಯಿತು. ಹಾಗಾಗಿ ಬಡಿತದ ಕಾಟವೇ ಗೊತ್ತಾಗದವರು ಅವಸರಪಡಬೇಕಿಲ್ಲ. ಹೃದಯ ದುರ್ಬಲವಾಗಿರುವವರ ವಿಷಯ ಬೇರೆ, ಅವರಿಗೆ ಅಬ್ಲೇಶನ್ ಕಡೆ ತೂಕ ಹೆಚ್ಚು.

ತೊಡಕುಗಳಲ್ಲಿ ಮುಖ್ಯವಾದದ್ದು ಹೃದಯದ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು, ನೂರರಲ್ಲಿ ಒಬ್ಬರ ಆಸುಪಾಸು. ಅಲ್ಲೇ ಸೂಜಿಯಿಂದ ತೆಗೆದು ಸರಿಪಡಿಸಬಹುದು. ಇನ್ನೊಂದು ಬಹಳ ಅಪರೂಪ, ಆದರೆ ಇದನ್ನು ಮನೆಯವರೂ ತಿಳಿದಿರಬೇಕು. ಹೃದಯದ ಬೆನ್ನಿಗೇ ಅನ್ನನಾಳ ಇದೆ. ಶಾಖ ಅಲ್ಲಿಗೆ ತಗುಲಿ, ಕೆಲವು ವಾರಗಳ ಮೇಲೆ ಎರಡರ ನಡುವೆ ತೂತಾಗಬಹುದು. ಜ್ವರ, ನುಂಗಲು ನೋವು, ಎದೆನೋವು, ಸ್ಟ್ರೋಕಿನ ಲಕ್ಷಣ ಕಂಡರೆ "ಅಬ್ಲೇಶನ್ ಆಗಿದೆ" ಎಂದು ಮೊದಲೇ ಹೇಳಿ. ಎರಡು ತಿಂಗಳವರೆಗೂ ಈ ನೆನಪಿರಲಿ. ಆಗ ಬೇಕಾದದ್ದು ಸಿಟಿ ಸ್ಕ್ಯಾನ್. ಗಂಟಲಿನಿಂದ ಎಂಡೋಸ್ಕೋಪಿ ಹಾಕಿ ಗಾಳಿ ತುಂಬಿದರೆ ಅದು ಮಿದುಳಿಗೆ ನುಗ್ಗಿ ಜೀವಕ್ಕೇ ಎರವಾಗಬಹುದು. ಈಚೆಗೆ ಬಂದಿರುವ ವಿದ್ಯುತ್ ಮಿಡಿತದ ಅಬ್ಲೇಶನ್ ಶಾಖವನ್ನು ನೆಚ್ಚಿಕೊಂಡಿಲ್ಲ, ಅನ್ನನಾಳಕ್ಕೆ ಅದರಿಂದ ಅಪಾಯ ಕಡಿಮೆ.

ಬಡಿತ ಸರಿಹೋಯಿತೆಂದು ರಕ್ತ ತೆಳು ಮಾಡುವ ಮಾತ್ರೆಯನ್ನು ತಾವೇ ಬಿಡುವವರಿದ್ದಾರೆ. ಅದು ನಿಲ್ಲುವುದು ಬಿಡುವುದು ನಿಮ್ಮ ವಯಸ್ಸು, ಬಿಪಿ, ಸಕ್ಕರೆ, ಹಿಂದಿನ ಸ್ಟ್ರೋಕ್ ಇವುಗಳ ಮೇಲೆ. ಇವತ್ತಿನ ಇಸಿಜಿ ಚೆನ್ನಾಗಿದೆ ಎನ್ನುವುದರ ಮೇಲಲ್ಲ.

ಮನೆಗೆ ಬಂದ ಮೇಲೆ

ಚುಚ್ಚಿದ ಜಾಗದಲ್ಲಿ ನೀಲಿ ಕಲೆ ಹರಡಿದರೆ ಹೆದರಬೇಡಿ. ಗಂಟು ದೊಡ್ಡದಾಗುತ್ತಾ ಹೋದರೆ, ಮಿಡಿಯುತ್ತಿದ್ದರೆ, ಕೈಯೋ ಕಾಲೋ ತಣ್ಣಗಾಗಿ ಮರಗಟ್ಟಿದರೆ, ಸೊಂಟದ ಮೇಲೆ ನೋವು ಬಂದು ತಲೆ ಸುತ್ತಿದರೆ ಆಸ್ಪತ್ರೆಗೆ ನಡೆಯಿರಿ. ರಕ್ತ ಚಿಮ್ಮಿದರೆ ಮೊದಲು ಗಟ್ಟಿಯಾಗಿ ಒತ್ತಿ ಹಿಡಿಯುವುದು, ಆಮೇಲೆ ಫೋನು.

ಡಿಸ್ಚಾರ್ಜ್ ಹಾಳೆ ಮತ್ತು ಸ್ಟೆಂಟ್ ಅಥವಾ ವಾಲ್ವಿನ ಕಾರ್ಡಿನ ಫೋಟೋ ತೆಗೆದು ರೋಗಿಯ ಫೋನಿನಲ್ಲೂ ಮನೆಯ ಇನ್ನೊಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಯಾವ ನಾಳ, ಯಾವ ತಾರೀಖು, ಎರಡನೇ ಮಾತ್ರೆ ಎಂದಿನವರೆಗೆ. ಈ ಕೊನೆಯದನ್ನು ಹಾಳೆಯಲ್ಲಿ ಬರೆದಿರದಿದ್ದರೆ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ.